ಮಾಬುಸಾಬನ ಕೋಟೆ ಸಿನಿಮಾ

ಇವತ್ತು ಮಾಡಿದ ಕೆಲಸ: ನಸುಕಿನಲ್ಲೆದ್ದು ಅಂಗಳಕ್ಕೆ ಸಗಣಿ ನೀರು ಹಾಕಿದೆ. ಎಮ್ಮೆ ಹಿಂಡಿದೆ. ಹದಿನಾಲ್ಕು ರೊಟ್ಟಿ ಬಡಿದೆ. ಹುಣಸೆಹಣ್ಣಿನ ಬೀಜ ಬಿಡಿಸಿ, ಉಪ್ಪು ಹಾಕಿ ಗಡಿಗೆಗೆ ಒತ್ತಿ ತುಂಬಿದೆ. ಹಳೆಯ ಅಂಗಿಯೊಂದನ್ನು ಹರಿದು ಬಿಸಿ ಪಾತ್ರೆ ಹಿಡಿಯುವ ಅರಿವೆ ಮಾಡಿದೆ. ಮಧ್ಯಾಹ್ನದ ಬಸ್ಸಿಗೆ ಕೊಟ್ಟೂರಿಗೆ ಹೋಗಿ ಸೀಮೆಎಣ್ಣೆ, ಬೆಲ್ಲ ತಂದೆ. ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಕೈಗೆ ಬಳೆ ಇಡಿಸಿಕೊಂಡೆ.

ಒಂದು ಡಜನ್ ಇಡುವುದರೊಳಗೆ ಅಂಗಡಿಯವನು ಮೂರು ಒಡೆದ. ಒಡೆದವು ಅನ್ನಬಾರದು, ಹೆಚ್ಚಿದವು ಅನ್ನಬೇಕು ಅಂತ ನಮ್ಮ ಅತ್ತೆ ಗದರುತ್ತಿದ್ದರು. ಆಯಿತು, ಮೂರು ಹೆಚ್ಚಿದವು. ಗೆಣ್ಣಿನ ಮೇಲೆ ಸಣ್ಣಗೆ ರಕ್ತ ಬಂತು.

"ನಿಮ್ಮ ಕೈ ಬಾಳ ಬಿರುಸು ಅದಾವ್ರಿ ಅಮ್ಮಾರ" ಅಂದ ಅವನು.

ಇದೇ ಬಿರುಸು ಕೈಗೆ ಹತ್ತು ವರ್ಷ ಮಾಬುಸಾಬ್ ಬಳೆ ಇಟ್ಟಿದ್ದ. ಒಂದೇ ಒಂದು ಬಳೆ ಹೆಚ್ಚಿರಲಿಲ್ಲ, ಒಮ್ಮೆಯೂ ನಾನು "ಹಾ" ಅಂದಿರಲಿಲ್ಲ. ಅಂದಿದ್ದರೆ ಅದು ಕೈ ನೊಂದು ಅಲ್ಲ, ಅವನು ಹೇಳುತ್ತಿದ್ದ ಸಿನಿಮಾದಲ್ಲಿ ಬಾದಶಹ ಕತ್ತಿ ಹಿರಿದನಲ್ಲ, ಅದಕ್ಕೆ.

ಮಾಬುಸಾಬ್ ಗಿಡ್ಡ ಮನುಷ್ಯ. ಕೈಗಳು ಮಾತ್ರ ಇನ್ನಾರದೋ ದೊಡ್ಡ ಆಳಿನ ಕೈ ತಂದು ಜೋಡಿಸಿದಂತೆ ಅಗಲವಾಗಿದ್ದವು. ಮನೆ ಕೊಟ್ಟೂರು. ಸೈಕಲ್ಲಿನ ಹಿಂದೆ ಬಳೆಯ ಮಲಾರ, ಮುಂದೆ ಒಂದು ತಗಡಿನ ಪೆಟ್ಟಿಗೆ ಕಟ್ಟಿಕೊಂಡು ವಾರಕ್ಕೊಂದು ದಿಕ್ಕು ತಿರುಗುತ್ತಿದ್ದ. ಒಂದು ವಾರ ಕೂಡ್ಲಿಗಿ ಕಡೆ, ಒಂದು ವಾರ ಹಗರಿಬೊಮ್ಮನಹಳ್ಳಿ ಕಡೆ, ಮತ್ತೊಂದು ವಾರ ಹಡಗಲಿ ದಾಟಿ ಹೊಳೆಸಾಲಿನ ಮಾಗಳದವರೆಗೆ. ನಮ್ಮದು ಉಜ್ಜಿನಿಗೆ ಹೋಗುವ ದಾರಿಯ ಸಣ್ಣ ಊರು. ನಮಗೆ ತಿಂಗಳಿಗೊಂದು ಬುಧವಾರ ಬರುತ್ತಿತ್ತು.

ಬಂದವನು ನಮ್ಮ ಮನೆಯ ಕಟ್ಟೆಯ ಮೇಲೆ ಗೋಣಿ ಹಾಸಿ, ಒಂದು ಚೊಂಬು ನೀರು ಕೇಳಿ ಕೈ ತೊಳೆದು, ಕಣ್ಣು ಮುಚ್ಚಿ ಅರೆಕ್ಷಣ ಕೂರುತ್ತಿದ್ದ. ಅಳತೆ ಕೇಳುತ್ತಿರಲಿಲ್ಲ. ಕೈ ಹಿಡಿದು ರೊಟ್ಟಿ ಹಿಟ್ಟು ನಾದಿದಂತೆ ನಾದುತ್ತಿದ್ದ. ಬಳೆ ಬೆರಳು ದಾಟಿ ಗೆಣ್ಣಿನ ಹತ್ತಿರ ಬರುವ ಹೊತ್ತಿಗೆ ಸರಿಯಾಗಿ ಕಥೆಯೂ ಇಕ್ಕಟ್ಟಿಗೆ ಬಂದಿರುತ್ತಿತ್ತು.

"ಕೈ ಅಂದ್ರ ಹೆದರಿದ ಬೆಕ್ಕಿದ್ದಂಗ ತಾಯಿ" ಅನ್ನುತ್ತಿದ್ದ. "ಹಿಡ್ಯಾಕ ಹೋದ್ರ ಪರಚತೈತಿ. ಅದನ್ನ ಬ್ಯಾರೆ ಕಡಿ ನೋಡೂವಂಗ ಮಾಡ್ಬೇಕು. ಆಗ ತಾನ ಬರತೈತಿ."

ಬೇರೆ ಕಡೆ ನೋಡಿಸಲು ಅವನ ಹತ್ತಿರ ಇದ್ದದ್ದು ಒಂದೇ ಸಿನಿಮಾ. ಕೊಟ್ಟೂರಿನ ಟಾಕೀಸಿಗೆ ವರ್ಷಕ್ಕೊಮ್ಮೆ, ಎರಡು ವರ್ಷಕ್ಕೊಮ್ಮೆ ಬಂದು ಹೋಗುತ್ತಿದ್ದ ಹಳೆಯ ಉರ್ದು ಸಿನಿಮಾ ಅದು. ಹೆಸರು ನಮಗೆ ಯಾರಿಗೂ ನಾಲಿಗೆಗೆ ಬರಲಿಲ್ಲ, ಕೋಟೆ ಸಿನಿಮಾ ಅಂದುಕೊಂಡೆವು. ಅದು ಬಂದಿತೆಂದರೆ ಮಾಬುಸಾಬ್ ಊರು ತಿರುಗುವುದು ಬಂದ್. ಒಗೆದ ಪೈಜಾಮ ಹಾಕಿ, ಕಿವಿಗೆ ಅತ್ತರಿನ ಹತ್ತಿ ಇಟ್ಟು, ಅದು ಇರುವಷ್ಟು ದಿನ ದಿನಾ ಮ್ಯಾಟ್ನಿಗೆ ಹೋಗುತ್ತಿದ್ದನಂತೆ. ಆಮೇಲೆ ವರ್ಷವಿಡೀ ಅದನ್ನು ನಮ್ಮ ಕೈಗಳ ಮೇಲೆ ಓಡಿಸುತ್ತಿದ್ದ. ನಮಗೆ ಉರ್ದು ಬಾರದು, ಟಾಕೀಸಿಗೆ ಹೋಗುವ ಹೆಂಗಸರೂ ನಾವಲ್ಲ. ಅವನು ಹೇಳಿದ್ದೇ ಸಿನಿಮಾ.

ಬಾದಶಹನ ಸೈನ್ಯದಲ್ಲಿ ಒಬ್ಬ ಸರದಾರ. ಕೋಟೆ ಬಾಗಿಲ ಹೊರಗೆ ಅತ್ತರು ಮಾರುವವನ ಮಗಳು. ಸರದಾರ ದಿನಾ ಬಂದು ಅತ್ತರು ಕೊಳ್ಳುತ್ತಾನೆ. ಹಚ್ಚಿಕೊಳ್ಳಲು ತೋಳು ಉಳಿಯುವುದಿಲ್ಲ, ಕುದುರೆಯ ಕೂದಲಿಗೆ ಹಚ್ಚುತ್ತಾನೆ. "ಕುದುರಿ ಬಂದ್ರ ಊರಿಗೇ ಘಮ್ ಅಂತಿತ್ತು ಯವ್ವಾ! ವೈರಿಗೆ ಮೊದ್ಲ ವಾಸನಿ ಗೊತ್ತಾಗ್ತಿತ್ತು, ಆಮ್ಯಾಲೆ ಕತ್ತಿ." ಬಾದಶಹನಿಗೆ ಸಿಟ್ಟು ಬರುತ್ತದೆ. ಇಬ್ಬರನ್ನೂ ಅಗಲಿಸಲು ಸರದಾರನನ್ನು ಗಡಿ ಯುದ್ಧಕ್ಕೆ ಕಳಿಸುತ್ತಾನೆ. ಹೋಗುವ ಮುಂಜಾನೆಯೇ ನಿಕಾ ಆಗುತ್ತದೆ. ಆಕೆ ಎರಡೂ ಕೈ ತುಂಬ ಹಸಿರು ಬಳೆ ಇಟ್ಟುಕೊಂಡು ಕೋಟೆಯ ಬುರುಜು ಹತ್ತಿ ನಿಲ್ಲುತ್ತಾಳೆ.

ಇಲ್ಲಿಗೆ ಹನ್ನೆರಡನೆಯ ಬಳೆ ಮಣಿಕಟ್ಟಿಗೆ ಬಂದಿರುತ್ತಿತ್ತು. ಮಾಬುಸಾಬ್ ಕೈ ಬಿಟ್ಟು, ಆ ಕೈಗೇ ಒಂದು ಸಲಾಮು ಮಾಡಿ, "ಕೊನೀದು ಮುಂದಿನ ಸಲ" ಅನ್ನುತ್ತಿದ್ದ. ಆ ಮುಂದಿನ ಸಲ ವರ್ಷಗಟ್ಟಲೆ ಬರಲಿಲ್ಲ.

ಮೆತ್ತನೆ ಕೈಯವರಿಗೆ ಅವನ ಮೇಲೆ ತಕರಾರು. ಬಳೆ ಸುಮ್ಮನೆ ಜಾರಿಬಿಡುತ್ತಿದ್ದರಿಂದ ಅವರಿಗೆ ಕಥೆ ಅರ್ಧವೇ ಸಿಗುತ್ತಿತ್ತು. "ನಂಗ ಬರೇ ಅತ್ತರು ಹೇಳಿ ಎಬ್ಬಿಸಿದಿ, ಈಕಿಗೆ ಯುದ್ಧದ ತನಕ ಹೇಳ್ದಿ" ಅಂತ ಜಗಳ. ನನ್ನದು ಬಿರುಸು ಕೈ. ನಾನು ಪ್ರತಿಸಲವೂ ಯುದ್ಧದವರೆಗೆ ಕೇಳಿದವಳು.

ಅವನ ಸಿನಿಮಾದ ಬಗ್ಗೆ ಎರಡು ಮಾತು ಮರೆಯುವ ಹಾಗಿಲ್ಲ. ಒಂದು, ಆ ರಾಜ್ಯದಲ್ಲಿ ಸದಾ ಮಳೆ. "ದರಬಾರದಾಗೂ ಮಳಿ, ಮನಿ ಒಳಗೂ ಮಳಿ, ಯುದ್ಧದಾಗೂ ಸಣ್ಣ ಸೋನಿ ಹಿಡದಿರತೈತಿ ತಾಯಿ. ಪುಣ್ಯವಂತರ ರಾಜ್ಯ." ನಮ್ಮ ಕಡೆಯ ಹೆಂಗಸರು ಅದನ್ನು ಕೇಳಿ ನಿಟ್ಟುಸಿರು ಬಿಡುತ್ತಿದ್ದರು. ಇನ್ನೊಂದು, ಆ ಹಸಿರು ಬಳೆ. ಸಿನಿಮಾ ಕಪ್ಪು-ಬಿಳುಪು ಅಂತ ನನ್ನ ಗಂಡ ಹೇಳಿದ್ದ. ಒಮ್ಮೆ ಕೇಳಿಯೇಬಿಟ್ಟೆ: "ಕಪ್ಪು-ಬಿಳಿ ಸಿನಿಮಾದಾಗ ಬಳಿ ಹಸರು ಅಂತ ನಿನಗ್ಹೆಂಗ ಗೊತ್ತಾತು ಸಾಬಣ್ಣ?"

ಅವನು ನನ್ನನ್ನು ಕನಿಕರದಿಂದ ನೋಡಿದ. "ಕಣ್ಣಿಲೆ ನೋಡಿದ್ರ ಹೆಂಗ ಗೊತ್ತಾಗತೈತಿ? ಸಪ್ಪಳ ಕೇಳ್ಬೇಕು. ಕೆಂಪು ಗಾಜು ದಪ್ಪಕ ನುಡೀತೈತಿ, ಹಸರು ತೆಳ್ಳಗ. ನಾ ಆ ಸಿನಿಮಾಕ್ಕ ಹೋಗೋದ ಆ ಸಪ್ಪಳಕ್ಕ."

ಇದನ್ನೆಲ್ಲ ನಮ್ಮ ಮನೆಯಲ್ಲಿ ನನಗಿಂತ ಹೆಚ್ಚು ಮನಸ್ಸಿಟ್ಟು ಕೇಳಿದವಳು ಗಿರಿಜಕ್ಕ, ನನ್ನ ನೆಗೆಣ್ಣಿ. ನನ್ನ ಗಂಡನ ಅಣ್ಣ ಬಸಣ್ಣ ಭಾವನ ಹೆಂಡತಿ. ನನಗಿಂತ ಒಂದು ವರ್ಷ ಮುಂಚೆ ಈ ಮನೆಗೆ ಬಂದಳು. ಅವಳ ಮದುವೆಯ ಬಳೆ ಇಟ್ಟವನೂ ಮಾಬುಸಾಬನೇ. ಆಗ ಅವನು ತನ್ನ ಪೆಟ್ಟಿಗೆಯಿಂದ ಹಸಿರು ಗಾಜಿನ ಮಣಿಯೊಂದನ್ನು ಅವಳಿಗೆ ಉಡುಗೊರೆ ಕೊಟ್ಟಿದ್ದ. ಗಿರಿಜಕ್ಕ ಅದನ್ನು ಕೆಂಪು ದಾರದಲ್ಲಿ ಪೋಣಿಸಿ ಭಾವನ ಟ್ರಂಕಿನ ಕೀಲಿಕೈಗೆ ಕಟ್ಟಿದಳು. ಭಾವ ಆ ಕೀಲಿಕೈಯನ್ನು ಉಡದಾರಕ್ಕೆ ಸಿಕ್ಕಿಸಿಕೊಂಡೇ ಇರುತ್ತಿದ್ದ. ಟ್ರಂಕಿನಲ್ಲಿ ಅಂಥದ್ದೇನಿರಲಿಲ್ಲ, ಎರಡು ಅಂಗಿ, ಒಂದು ಧೋತರ. "ಏನು ನಿಧಿ ಇಟ್ಟಿಯಪ್ಪಾ ಅದರಾಗ" ಅಂತ ನಾವೆಲ್ಲ ನಗುತ್ತಿದ್ದೆವು.

ಅವಳ ಮದುವೆಯಾಗಿ ಐದನೆಯ ವರ್ಷದ ಶ್ರಾವಣ. ಹೊಳೆಯಾಚೆಗೆ ಎತ್ತು ನೋಡಿ ಬರುತ್ತೇನೆಂದು ಭಾವ ಮಾಗಳಕ್ಕೆ ಹೋದ. ಹೊಳೆ ತುಂಬಿತ್ತು. ಹರಗೋಲು ನಡುನೀರಿನಲ್ಲಿ ಮಗುಚಿತು. ಕೆಲವರು ಈಜಿ ದಂಡೆ ಸೇರಿದರು, ಇಬ್ಬರ ಹೆಣ ಸಿಕ್ಕವು. ಭಾವ ಮಾತ್ರ ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ. ನನ್ನ ಗಂಡ ಎಂಟು ದಿನ ದಂಡೆಗುಂಟ ತಿರುಗಿ ಬರಿಗೈಯಲ್ಲಿ ಬಂದ.

ಅತ್ತೆ ಒಂದೇ ಮಾತು ಹಿಡಿದರು. "ನನ್ನ ಮಗ ನಮ್ಮ ಬಾವ್ಯಾಗ ಈಜು ಕಲ್ತವ. ಎಲ್ಲೋ ದೂರ ತೇಲಿ ಹೋಗಿ ಎದ್ದಿರ್ತಾನ. ಬರ್ತಾನ. ಗಿರಿಜಿ ಕೈಗೆ ಯಾರೂ ಕೈ ಹಚ್ಚಬ್ಯಾಡ್ರಿ."

ಹೀಗಾಗಿ ಗಿರಿಜಕ್ಕನ ಬಳೆ ಉಳಿದವು. ಅವಳು ಸಂಜೆಯಾದರೆ ಕಟ್ಟೆಯ ಮೇಲೆ ಕೂರಲು ಶುರುಮಾಡಿದಳು. ಕೊಟ್ಟೂರಿನಿಂದ ಬರುವ ಕೊನೆಯ ಬಸ್ಸು ನಮ್ಮ ಮನೆ ಮುಂದೆಯೇ ದಾಟುತ್ತದೆ. ಅದು ದಾಟಿದ ಮೇಲೆಯೇ ಅವಳ ಊಟ. ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಮಲಗುವವಳು ಅವಳು.

ನಮ್ಮ ಬುಧವಾರ ಎರಡು ಸಲ ತಪ್ಪಿತು. ದಸರೆ ಕಳೆದು ಮಾಬುಸಾಬ್ ಬಂದ. ಅಂದು ಮೊದಲು ಕೂತವಳು ಗಿರಿಜಕ್ಕ. ಕೈ ಎಷ್ಟು ಸಣ್ಣಾಗಿತ್ತೆಂದರೆ ಇದ್ದ ಬಳೆ ಮೊಣಕೈಗೆ ಜಾರುತ್ತಿದ್ದವು.

"ಕೈ ತುಂಬ ಇಡು ಸಾಬಣ್ಣ. ಅವ್ರು ಬಂದಾಗ ಬರಿಗೈಲೆ ನಿಂತಿರಬಾರ್ದು" ಅಂದಳು.

ಮಾಬುಸಾಬ್ ಅವಳ ಕೈ ಹಿಡಿದ. ಒಮ್ಮೆ ಇನ್ನೊಂದು ಕೈಯನ್ನು ಜಾಕೀಟಿನ ಒಳಜೇಬಿಗೆ ಹಾಕಿದ. ಬೀಡಿ ಹುಡುಕುತ್ತಾನೆ ಅಂದುಕೊಂಡೆ. ಬರಿಗೈಯನ್ನೇ ಹೊರತೆಗೆದ. ಆಮೇಲೆ, ಯಾರೂ ಕೇಳದೆ ಇದ್ದರೂ, ನಾಲ್ಕೈದು ವರ್ಷ ನಮ್ಮನ್ನು ಕಾಯಿಸಿದ್ದ ಸಿನಿಮಾದ ಕೊನೆಯನ್ನು ಹೇಳಿಬಿಟ್ಟ.

"ಯುದ್ಧ ಮುಗೀತೈತಿ ತಾಯಿ. ಸರದಾರನ ಕುದುರಿ ಒಂದ ಬರತೈತಿ, ಮ್ಯಾಲೆ ಯಾರಿಲ್ಲ. ಊರಿನ ಮಂದಿ ಎಲ್ಲಾ, ಹೋದ ಅಂತಾರ. ಆಕಿ ಮಾತ್ರ ಬುರುಜು ಇಳಿಯಂಗಿಲ್ಲ. ಕುದುರಿ ಹಿಂದ ಧೂಳು ಏಳತೈತಿ. ಧೂಳ್ನಾಗ ಒಬ್ಬವ ಕುಂಟಿಕೋತ ಬರ್ತಾನ. ಕಾಲಿಗೆ ಗಾಯ, ಅಷ್ಟ. ಆಕಿ ಬಳಿ ಸಪ್ಪಳ ಕೇಳಿ ತಲಿ ಎತ್ತಿ ನೋಡ್ತಾನ. ಅಲ್ಲಿಗೆ ಮುಗೀತು."

ಗಿರಿಜಕ್ಕ ಅತ್ತಳು. ಎರಡು ತಿಂಗಳಲ್ಲಿ ಅವಳು ಅತ್ತದ್ದು ಅದೇ ಮೊದಲು. ಅತ್ತೆ ಒಳಗಿನಿಂದ ಒಂದು ಸೇರು ಹೆಸರುಕಾಳು ತಂದು ಮಾಬುಸಾಬನ ಚೀಲಕ್ಕೆ ಸುರಿದರು.

ಮುಂದಿನ ಬೇಸಿಗೆಯಲ್ಲಿ ಹಡಗಲಿಯಿಂದ ಗಿರಿಜಕ್ಕನ ತಮ್ಮ ಬಂದ. ಗಂಡ ಇಲ್ಲದವಳಿಗೆ ಮತ್ತೊಂದು ಮನೆ ಮಾಡಿಕೊಡುವ ಪದ್ಧತಿ ನಮ್ಮಲ್ಲಿದೆ, ಉಡಿಕೆ ಅನ್ನುತ್ತೇವೆ. ಹೆಂಡತಿ ಸತ್ತ ಒಬ್ಬನಿದ್ದ. ಮಲ್ಲಿಗೆ ತೋಟವಿದ್ದವನು, ಕುಡಿತವಿಲ್ಲ. "ಅಕ್ಕ, ನಿನಗಿನ್ನೂ ಇಪ್ಪತ್ನಾಕು. ಹೊಳಿ ನೋಡಿಕೋತ ಕುಂತ್ರ ಹೊಳಿ ಏನ್ ಕೊಡತೈತಿ?" ಅಂತ ತಮ್ಮ ಅತ್ತ. ಗಿರಿಜಕ್ಕ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಒಂದು ವಾರ ಯೋಚಿಸುತ್ತೇನೆ ಅಂದಳು. ಆ ವಾರವೆಲ್ಲ ಅವಳು ಸಂಜೆ ಕಟ್ಟೆಯ ಮೇಲೆ ಕೂರಲಿಲ್ಲ. ನನ್ನ ಜೊತೆ ಕೂತು ಉಂಡಳು. ಹೂ ಕಟ್ಟುವುದು ತನಗೆ ಬರುವುದಿಲ್ಲ, ಕಲಿಯಬೇಕು ಅಂತ ಒಮ್ಮೆ ತನ್ನಷ್ಟಕ್ಕೆ ಅಂದದ್ದು ನನ್ನ ಕಿವಿಗೆ ಬಿತ್ತು.

ಆ ವಾರದ ಬುಧವಾರ ಮಾಬುಸಾಬ್ ಬಂದ. ಉಡಿಕೆಯ ಸುದ್ದಿ ಅವನಿಗೆ ಗೊತ್ತಿರಲಿಲ್ಲ. ಬಾಡಿದ ಅವಳ ಮುಖ ನೋಡಿ, ಎಲ್ಲರಿಗೂ ಕೇಳುವಂತೆ ಹೇಳಿದ: "ಹರಿಹರದಾಗ ಅಕ್ಕಿ ಗಿರಣಿ ಒಂದರಾಗ ನಿಮ್ಮ ಬಸಣ್ಣನಂಥಾವ ಒಬ್ಬವ ಮೂಟಿ ಹೊರ್ತಾನಂತ ಯವ್ವಾ. ನಮ್ಮ ಪೈಕಿ ಒಬ್ಬವ ನೋಡ್ಯಾನ. ತಲಿಗೆ ಪೆಟ್ಟು ಬಿದ್ದು ಊರು ಮರತಾನಂತ."

ಅದೇ ಸಂಜೆ ಗಿರಿಜಕ್ಕ ಮತ್ತೆ ಕಟ್ಟೆಯ ಮೇಲೆ ಕೂತಳು. ತಮ್ಮನನ್ನು ಬರಿಗೈಲಿ ಕಳಿಸಿದಳು. ನನ್ನ ಗಂಡ ಹರಿಹರದ ಗಿರಣಿಗಳನ್ನೆಲ್ಲ ಸುತ್ತಿ ಬಂದ, ಯಾರೂ ಸಿಗಲಿಲ್ಲ. "ಅಲ್ಲಿಂದ ರಾಣೆಬೆನ್ನೂರಿಗೆ ಹೋಗ್ಯಾನಂತ" ಅಂದ ಮಾಬುಸಾಬ್ ಮುಂದಿನ ವರ್ಷ. ಅಲ್ಲಿಗೂ ಹೋಗಿ ಬಂದೆವು. ಹೀಗೆ ಆರು ವರ್ಷ. ಸುದ್ದಿ ತಂದಾಗಲೆಲ್ಲ ಗಿರಿಜಕ್ಕನ ಕೈ ಮೆತ್ತಗಾಗುತ್ತಿತ್ತು, ಬಳೆ ಸುಮ್ಮನೆ ಏರುತ್ತಿದ್ದವು. ಕೊನೆ ಹೇಳು ಅನ್ನುತ್ತಿದ್ದಳು. ಅವನು ಕುದುರೆ, ಧೂಳು, ಕುಂಟು ಕಾಲು ಎಲ್ಲ ಹೇಳುತ್ತಿದ್ದ. ಈಗ ನೆನೆದರೆ, ಹೇಳುವಾಗ ಅವನು ಅವಳ ಮುಖ ನೋಡುತ್ತಿರಲಿಲ್ಲ, ಬಳೆಯನ್ನೇ ನೋಡುತ್ತಿದ್ದ. ಬಳೆಗಾರ ಬಳೆ ನೋಡದೆ ಇನ್ನೇನು ನೋಡುತ್ತಾನೆ ಅಂತ ನಾವೂ ಸುಮ್ಮನಿದ್ದೆವು.

ಆರನೆಯ ವರ್ಷ ಕೋಟೆ ಸಿನಿಮಾ ಮತ್ತೆ ಕೊಟ್ಟೂರಿಗೆ ಬಂತು. ಗಿರಿಜಕ್ಕ ಎಂದೂ ಏನನ್ನೂ ಬೇಡಿದವಳಲ್ಲ. "ಒಮ್ಮೆ ನೋಡ್ತೀನಿ ಅತ್ತಿ" ಅಂದಳು. ಅತ್ತೆ ನನ್ನನ್ನು ಜೊತೆಮಾಡಿ ಕಳಿಸಿದರು. ಹನ್ನೊಂದರ ಬಸ್ಸಿಗೆ ಹೋದೆವು. ಗಿರಿಜಕ್ಕ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟಿದ್ದಳು, ಕೈ ತುಂಬ ಹಸಿರು ಬಳೆ.

ತಗಡಿನ ಟಾಕೀಸು, ಒಳಗೆ ಒಲೆಯಂಥ ಧಗೆ. ಹೆಂಗಸರಿಗೆ ಬೇರೆ ಬೆಂಚು. ಗಂಡಸರ ಕಡೆ ಮಾಬುಸಾಬ್ ಇದ್ದನೋ ಏನೋ, ಕತ್ತಲಲ್ಲಿ ಕಾಣಲಿಲ್ಲ. ಸಿನಿಮಾ ಶುರುವಾದ ಕೂಡಲೇ ನನಗೆ ಮಳೆಯ ಗುಟ್ಟು ತಿಳಿಯಿತು. ಪರದೆಯ ತುಂಬ ಮೇಲಿಂದ ಕೆಳಗೆ ಬಿಳಿ ಗೆರೆ ಸುರಿಯುತ್ತಿದ್ದವು. ಓಡಿ ಓಡಿ ಸವೆದ ರೀಲು. ಯಾರೂ ನೆನೆಯುತ್ತಿರಲಿಲ್ಲ, ದರಬಾರಿನ ದೀಪ ಉರಿಯುತ್ತಲೇ ಇದ್ದವು. ಇಷ್ಟು ವರ್ಷ ಮಾಬುಸಾಬ್ ಅದನ್ನು ಮಳೆಯೆಂದೇ ನಂಬಿದ್ದ ಪಾಪ ಅಂತ ನನಗೆ ನಗು ತಡೆಯಲಾಗಲಿಲ್ಲ. ಅದೊಂದು ಸುಳ್ಳನ್ನು ಅವನು ಸುಳ್ಳೆಂದು ತಿಳಿಯದೆಯೇ ಹೇಳಿದ್ದ.

ಕೋಟೆ ಅವನು ಹೇಳಿದ್ದಕ್ಕಿಂತ ಸಣ್ಣದಿತ್ತು. ಸರದಾರನಿಗೆ ಸ್ವಲ್ಪ ಹೊಟ್ಟೆ ಬಂದಿತ್ತು. ಅತ್ತರಿನ ಹುಡುಗಿ ಮಾತ್ರ ಅವನು ಹೇಳಿದ್ದಕ್ಕಿಂತ ಚೆಲುವೆ. ನಿಕಾ ಆಗುವ ಮುಂಜಾನೆ ಅವಳು ಏನೂ ಮಾತಾಡದೆ ಅವನ ಕುದುರೆಯ ಹಣೆಗೆ ಅತ್ತರು ಸವರುತ್ತಾಳೆ. ಮಾಬುಸಾಬ್ ಅದನ್ನು ನಮಗೆ ಹೇಳಿರಲಿಲ್ಲ. ಹೇಳಲು ಬರುವಂಥದ್ದಲ್ಲ ಅದು. ಅವಳು ಕೈ ಎತ್ತಿದಾಗಲೆಲ್ಲ ಬಳೆ ನುಡಿಯುತ್ತಿದ್ದವು. ತೆಳ್ಳಗಿನ ಸಪ್ಪಳ. ಗಿರಿಜಕ್ಕ ನನ್ನ ತೊಡೆ ತಟ್ಟಿದಳು: "ಕೇಳ್ದೇನು? ಹಸರು."

ನಮ್ಮ ಬೆಂಚಿನ ಹೆಂಗಸರಿಗೂ ಉರ್ದು ಬಾರದು. ಗಿರಿಜಕ್ಕನಿಗೆ ಎಲ್ಲ ಬಾಯಿಪಾಠ. ಬಾದಶಹ ಬಾಯಿ ತೆರೆಯುವ ಮೊದಲೇ ಅವನ ಮಾತು ಇವಳು ಹೇಳುತ್ತಿದ್ದಳು. ಮೊದಲು ಅಕ್ಕಪಕ್ಕದವರು, ಆಮೇಲೆ ಹಿಂದಿನ ಬೆಂಚಿನವರೂ ಇವಳ ಕಡೆ ಬಾಗಿದರು. "ಏನಂದ ಬೇ ಆ ಮುದುಕ?" "ಗಡಿಗೆ ಕಳಸ್ತೀನಿ ಅಂದ." "ಅಯ್ಯೋ, ಅವನ ಗಡ್ಡ ಸುಡ್ಲಿ." ಆರು ವರ್ಷದಲ್ಲಿ ಅವಳ ದನಿ ಅಷ್ಟು ಗೆಲುವಾಗಿದ್ದನ್ನು ನಾನು ಕೇಳಿರಲಿಲ್ಲ. ಇಂಟರ್‌ವಲ್ಲಿನಲ್ಲಿ ಮಂಡಕ್ಕಿ-ಮಿರ್ಚಿ ತಿಂದೆವು. ಯಾರೋ ಅವಳಿಗೆ ಸೋಡಾ ಕೊಡಿಸಿದರು.

ಯುದ್ಧ ಮುಗಿಯಿತು. ಕುದುರೆ ಒಂದೇ ಬಂತು, ಮೇಲೆ ಯಾರಿಲ್ಲ. ಬೆಂಚಿನ ಹೆಂಗಸರೆಲ್ಲ ಲೊಚಗುಟ್ಟಿದರು.

"ಅಳಬ್ಯಾಡ್ರೇ" ಅಂದಳು ಗಿರಿಜಕ್ಕ, ಎಲ್ಲರಿಗೂ ಕೇಳುವಂತೆ. "ಈಗ ಧೂಳು ಏಳತೈತಿ. ಧೂಳ್ನಾಗ ಕುಂಟಿಕೋತ ಬರ್ತಾನ ನೋಡ್ರಿ. ಕಾಲಿಗೆ ಗಾಯ, ಅಷ್ಟ."

ಧೂಳು ಎದ್ದಿತು. ಎಲ್ಲರೂ ನೋಡಿದೆವು. ಧೂಳು ಹಾಗೇ ಇಳಿಯಿತು. ಅದರ ಹಿಂದೆ ಖಾಲಿ ಬಯಲು.

"ಎಲ್ಲಿ ಬಂದ ಬೇ?" ಅಂದಳು ಹಿಂದಿನವಳು.

"ಬರ್ತಾನ. ತಡಿ."

ಬುರುಜಿನ ಮೇಲೆ ನಿಂತವಳು ಕುದುರೆಯನ್ನೇ ನೋಡುತ್ತಿದ್ದಳು. ಆಮೇಲೆ ಕೈಯನ್ನು ಕೋಟೆಯ ಕಲ್ಲಿಗೆ ತಂದಳು. ಹಾಡಿಲ್ಲ, ವಾದ್ಯವಿಲ್ಲ. ಒಂದೊಂದೇ ಬಳೆ. ಒಂದು ಕೈ ಮುಗಿಸಿ ಇನ್ನೊಂದು ಕೈ. ಆ ತೆಳ್ಳಗಿನ ಸಪ್ಪಳ ಟಾಕೀಸಿನ ತಗಡಿಗೆಲ್ಲ ಬಡಿಯಿತು. ಇಷ್ಟು ವರ್ಷ ಮಾಬುಸಾಬ್ ಕೇಳಲು ಹೋಗುತ್ತಿದ್ದ ಸಪ್ಪಳ ಅದು. ದೀಪ ಹತ್ತಿದವು.

ಹೆಂಗಸರು ಗಿರಿಜಕ್ಕನನ್ನು ನೋಡದಂತೆ ಎದ್ದು ಹೋದರು. ಬಸ್ಸಿನಲ್ಲಿ ಅವಳು ಕಿಟಕಿಯ ಹತ್ತಿರ ಕೂತಳು.

"ಸಾಬಣ್ಣ ಅದನ್ನ ನೂರು ಸಲ ನೋಡ್ಯಾನ" ಅಂದಳು.

"ನಿನಗ ನೋವಾಗಬಾರ್ದಂತ ಹೇಳಿರ್ತಾನ ಬಿಡಕ್ಕ. ಸಿನಿಮಾ ಅದು."

ಊರು ಹತ್ತಿರ ಬಂದಾಗ ಕೇಳಿದಳು: "ಹರಿಹರದಾಗ ಅವ್ರನ್ನ ನೋಡಿದ್ದು ಯಾರಂತ ಹೇಳಿದ್ದ?"

ಅವಳು ಬಳೆಗಳನ್ನು ಒಂದು ಕೈಯಿಂದ ಒತ್ತಿ ಹಿಡಿದಿದ್ದಳು, ಬಸ್ಸು ಕುಲುಕಿದಾಗ ಸಪ್ಪಳವಾಗದ ಹಾಗೆ.

ನಮ್ಮೂರ ಸರದಿಯ ಮುಂದಿನ ಬುಧವಾರ ಮಾಬುಸಾಬ್ ಗೋಣಿ ಹಾಸಿ, ಕೈ ತೊಳೆದು ಕೂತ. ಗಿರಿಜಕ್ಕ ಎದುರಿಗೆ ಕೂತು ಕೈ ಕೊಟ್ಟಳು. ಅವನು ಒಂದು ಬಳೆ ತೆಗೆದು ಬೆರಳಿಗೆ ಇಟ್ಟ.

"ಸಿನಿಮಾ ನೋಡಿದ್ವಿ ಸಾಬಣ್ಣ" ಅಂದಳು.

ಬಳೆ ಅವನ ಬೆರಳುಗಳ ನಡುವೆ ಚಟ್ ಅಂದಿತು. ಅವನ ಕೈಯಲ್ಲಿ ಹೆಚ್ಚಿದ ಬಳೆ ನಾನು ನೋಡಿದ್ದು ಅದೊಂದೇ. ಚೂರುಗಳನ್ನು ಆರಿಸುತ್ತ ತಲೆ ಎತ್ತದೆ ಹೇಳಿದ: "ಈಗಿನವ್ರು ಕೊನೀ ರೀಲು ಕಡದಾರ ತಾಯಿ. ಹಳೇ ರೀಲು, ಹರದಿರತೈತಿ. ಕಡದ ರೀಲ್ನಾಗ ಬರ್ತಾನ ಅವ."

"ಹರಿಹರದ ರೀಲೂ ಕಡದಾರೇನು?"

ಮಾಬುಸಾಬ್ ಚೂರು ಆರಿಸುವುದನ್ನು ನಿಲ್ಲಿಸಿದ. ತಗಡಿನ ಪೆಟ್ಟಿಗೆಯ ತಳದಿಂದ ಒಂದು ಅರಿವೆ ಗಂಟು ತೆಗೆದು ಬಿಚ್ಚಿದ. ಕೀಲಿಕೈ. ಕೆಂಪು ದಾರ ಕಪ್ಪಾಗಿತ್ತು. ಹಸಿರು ಮಣಿ ಹಾಗೇ ಇತ್ತು.

ಹರಗೋಲು ಮಗುಚಿ ಮೂರು ವಾರಕ್ಕೆ, ಮಾಗಳದಿಂದ ಕೆಳಗೆ ಒಂದು ಹೆಣ ದಂಡೆಗೆ ಬಂದಿತ್ತಂತೆ. ಗುರುತು ಹತ್ತುವಂತಿರಲಿಲ್ಲ. ಮೀನು ಹಿಡಿಯುವವರು ಅಲ್ಲೇ ಮಣ್ಣು ಮಾಡಿ, ಉಡದಾರದ ಕೀಲಿಕೈಯನ್ನು ಊರೂರು ತಿರುಗುವ ಮಾಬುಸಾಬನ ಕೈಗೆ ಕೊಟ್ಟರಂತೆ, ಯಾರದೆಂದು ಕೇಳು ಅಂತ. ಅವನು ಕೇಳುವ ಅಗತ್ಯವೇ ಇರಲಿಲ್ಲ. ಮಣಿ ಅವನದೇ.

"ಮೊದಲ್ನೇ ದಿನಾನ ಹೇಳ್ಬೇಕಂತ ಜೇಬಿನ್ಯಾಗ ಇಟ್ಕೊಂಡು ಬಂದಿದ್ದೆ" ಅಂದ. "ನಿನ್ನ ಕೈ ನನ್ನ ಕೈಯಾಗಿತ್ತು ಮಗಳ. ಕೈ ಹಿಡಕೊಂಡು ಹೇಳೂ ಮಾತಲ್ಲ, ಕೈ ಬಿಟ್ಟು ಹೇಳೂ ಮಾತೂ ಅಲ್ಲ. ಮುಂದಿನ ಸಲ ಅಂದ್ಕೊಂಡೆ. ಮುಂದಿನ ಸಲ ಕೈ ಇನ್ನೂ ಸಣ್ಣಾಗಿತ್ತು."

"ಹಡಗಲಿಯವ್ರು ನನ್ನ ಕೇಳಾಕ ಬಂದಿದ್ರು. ಗೊತ್ತೈತಿ?"

"ಆಮ್ಯಾಲೆ ಗೊತ್ತಾತು."

"ಆಮ್ಯಾಲಾದ್ರೂ ಹೇಳಬಾರ್ದಿತ್ತೇನು?"

ಅಷ್ಟರಲ್ಲಿ ಅತ್ತೆ ಬಾಗಿಲಿಗೆ ಬಂದಿದ್ದರು. ಕೀಲಿಕೈ ನೋಡಿ ಹೊಸಿಲ ಮೇಲೇ ಕುಸಿದರು. ಅವರು ಬೈದದ್ದು ಅವನ ಸುಳ್ಳಿಗಲ್ಲ.

"ಆರು ವರ್ಷ ನನ್ನ ಮಗನ್ನ ಜೀವಂತ ಇಟ್ಟಿದ್ದೆಲ್ಲೋ ಮಾಬು! ನಾ ಸಾಯೂ ತನಕ ಇಡಾಕ ಏನಾಗಿತ್ತೋ ನಿನಗ?"

ಓಣಿಯ ಹೆಂಗಸರು ಸೇರಿದರು. ಯಾರೋ ಒಬ್ಬ ಮುದುಕಿ, ಆಗಬೇಕಾದ್ದು ಆಗಲಿ ಅಂತ ಕಲ್ಲು ತಂದಳು. ಮಾಬುಸಾಬ್ ಕೈ ಅಡ್ಡ ಹಿಡಿದ. "ಕಲ್ಲು ಬ್ಯಾಡ್ರಿ. ನಾ ತೆಗೀತೀನಿ."

ಗಿರಿಜಕ್ಕ ಎರಡೂ ಕೈ ಚಾಚಿದಳು. ನಾನು ಬಟ್ಟಲಿನಲ್ಲಿ ಕುಸುಬಿ ಎಣ್ಣೆ ತಂದೆ. ಇಪ್ಪತ್ತನಾಲ್ಕು ಬಳೆ. ಇಡುವುದಕ್ಕಿಂತ ತೆಗೆಯುವುದು ಕಷ್ಟ. ಗೆಣ್ಣಿನ ಹತ್ತಿರ ಬಂದಾಗಲೆಲ್ಲ ಅವಳು ತುಟಿ ಕಚ್ಚುತ್ತಿದ್ದಳು. ಅಂದು ಮಾಬುಸಾಬನ ಹತ್ತಿರ ಹೇಳಲು ಕಥೆ ಇರಲಿಲ್ಲ. ಅವಳ ಕೈಗೆ ನೋಡಲು ಬೇರೆ ಕಡೆ ಇರಲಿಲ್ಲ. ಒಂದೂ ಹೆಚ್ಚದಂತೆ ಎಲ್ಲವನ್ನೂ ತೆಗೆದು ಸಾಲಾಗಿ ಗೋಣಿಯ ಮೇಲಿಟ್ಟ. ಕೊನೆಗೆ ಆ ಬರಿಗೈಗೂ ಸಲಾಮು ಮಾಡಿದ. ಗೋಣಿಯನ್ನು ಅಲ್ಲೇ ಬಿಟ್ಟು ಸೈಕಲ್ ತಳ್ಳಿಕೊಂಡು ಹೋದ, ಹತ್ತಲಿಲ್ಲ.

ಆಮೇಲೆ ಯಾವ ಬುಧವಾರವೂ ಅವನು ಬರಲಿಲ್ಲ. ಕೀಲಿಕೈ ಟ್ರಂಕಿಗೆ ಹೊಂದಿತು. ಎರಡು ಅಂಗಿ, ಒಂದು ಧೋತರ, ಕರಗಿದ ನುಸಿಗುಳಿಗೆ ವಾಸನೆ. ಅಂಗಿಗಳನ್ನು ಗಿರಿಜಕ್ಕನೇ ಒಗೆದು ನನ್ನ ಗಂಡನಿಗೆ ಹೊಲಕ್ಕೆ ಹಾಕಿಕೊಳ್ಳಲು ಕೊಟ್ಟಳು. ಒಂದು ಎಂದೋ ಹರಿಯಿತು. ಇನ್ನೊಂದನ್ನೇ ನಾನು ಇವತ್ತು ಅರಿವೆ ಮಾಡಿದ್ದು. ಅತ್ತೆ ಎರಡು ವರ್ಷಕ್ಕೆ ಹೋದರು. ಮಲ್ಲಿಗೆ ತೋಟದವನಿಗೆ ಅಷ್ಟರಲ್ಲಿ ಬೇರೆ ಮದುವೆಯಾಗಿ ಮಕ್ಕಳಿದ್ದರು. ಗಿರಿಜಕ್ಕನನ್ನು ಮತ್ತೆ ಯಾರೂ ಕೇಳಿಕೊಂಡು ಬರಲಿಲ್ಲ. ಸಂಜೆ ಕಟ್ಟೆಯ ಮೇಲೆ ಕೂರುವುದು, ಕೊನೆಯ ಬಸ್ಸು ದಾಟಿದ ಮೇಲೆ ಉಣ್ಣುವುದು ಮಾತ್ರ ಹಾಗೇ ನಡೆಯಿತು.

ಇವತ್ತು ಅಂಗಡಿಯವನು ನನ್ನ ಗೆಣ್ಣಿನ ರಕ್ತ ಒರೆಸುವಾಗ ಕೇಳಿದೆ, ಬಳೆಗಾರ ಮಾಬುಸಾಬ್ ಹೇಗಿದ್ದಾನೆ ಅಂತ.

"ಅವ್ರು ಹೋಗಿ ಮೂರು ತಿಂಗ್ಳಾತಲ್ರಿ. ಬಳಿ ಬಿಟ್ಟು ಬಾಳ ವರ್ಷಾಗಿತ್ತು. ಆ ಸಿನಿಮಾ ಬಂದ್ರೂ ಹೋಗ್ತಿರಲಿಲ್ಲ" ಅಂದ.

ಮನೆಗೆ ಬಂದು ಗಿರಿಜಕ್ಕನಿಗೆ ಹೇಳಿದೆ. ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಮಣ್ಣು ಎಲ್ಲಿ ಮಾಡ್ಯಾರಂತ?"

"ಕೇಳಲಿಲ್ಲಕ್ಕ."

"ಕೇಳಬೇಕಿತ್ತು" ಅಂದಳು. ಇನ್ನೆರಡು ಕಲ್ಲು ಆರಿಸಿ ಎಸೆದಳು.

ಸಂಜೆ ಊಟಕ್ಕೆ ಮುಂಜಾನೆಯ ರೊಟ್ಟಿ, ಹೆಸರುಕಾಳಿನ ಪಲ್ಯ, ಗುರೆಳ್ಳು ಪುಡಿ, ಮಜ್ಜಿಗೆ. ಗಿರಿಜಕ್ಕ ಒಂದೂವರೆ ರೊಟ್ಟಿ ತಿಂದು, ತಟ್ಟೆ ತೊಳೆದಿಟ್ಟು, ಎಲ್ಲರಿಗಿಂತ ಮೊದಲು ಮಲಗಿದಳು. ಕೊಟ್ಟೂರಿನ ಕೊನೆಯ ಬಸ್ಸು ಇನ್ನೂ ಬಂದಿರಲಿಲ್ಲ.